ಐದು ಪಾಯಿಂಟ್ ಒಂದು

ರುವಿಯ ಹೈಸ್ಟ್ರೀಟಿನಲ್ಲಿ, ಮಧ್ಯಾಹ್ನದ ನಿದ್ದೆ ಮುಗಿಸಿ
ಶಟರುಗಳು ಮತ್ತೆ ಮೇಲೇರುವ ಹೊತ್ತು.
ಕಿಸೆಯಲ್ಲಿ ನೂರಾ ಇಪ್ಪತ್ತು ರಿಯಾಲು.
ಕಣ್ಣು ಮಾತ್ರ ಸಾವಿರದ್ದು.

ಷಂಸುದ್ದೀನ್ ಕತ್ತಲೆಕೋಣೆಯ ಬಾಗಿಲು ತೆರೆದ.
ಗೋಡೆಗೆಲ್ಲ ಕಪ್ಪು ಸ್ಪಂಜು, ನಡುವೆ ಒಂದು ಸೋಫಾ.
'ಕೂತ್ಕೊಳ್ಳಿ ಚೇಟಾ' ಎಂದು ಗುಂಡಿ ಒತ್ತಿದ.
ಎಡಮೂಲೆಯಿಂದ ಹೆಲಿಕಾಪ್ಟರು ಹೊರಟಿತು,
ನೆತ್ತಿಯ ಮೇಲೆ ಬಂತು,
ಬಲಕ್ಕೆ ತಿರುಗಿತು,
ಎಲ್ಲಿ ಹೋಯಿತೋ.

ಅಲ್ಲಿಂದಾಚೆ ನನಗೆ ಹಾದಿಯಿಲ್ಲ.
ಬರ್ಕಾದಲ್ಲಿ, ಸಮುದ್ರವನ್ನು ಸಿಹಿ ಮಾಡುವ ಪಂಪುಗಳ ಪಕ್ಕ
ಹನ್ನೊಂದು ವರ್ಷ ಬಲಗಿವಿ ಕೊಟ್ಟು ನಿಂತವನು.
ಸಿಳ್ಳು, ಚಮಚದ ಸದ್ದು, ಮುಕ್ತಾಳ ಪಿಸುಮಾತು
ಒಂದೊಂದೇ ಉಪ್ಪಿನ ಜೊತೆ ಸೋಸಿಹೋದವು.
ಉಳಿದದ್ದು ಬುಡದ ಗುಂಯ್ ಒಂದೇ.

ಷಂಸುವಿಗೆ ಇದನ್ನು ಹೇಳಲಿಲ್ಲ.
ಚೌಕಾಸಿಯಲ್ಲಿ ತೋರಿಸಬೇಕಾದ ಕುಂದು
ಮಾಲಿನದ್ದು, ಗಿರಾಕಿಯದ್ದಲ್ಲ.

'ಸಾವಿರ ವಾಟ್' ಎಂದು ಡಬ್ಬಿಯ ಮೇಲೆ.
ವಾಟ್ ಅಂದರೆ ಮೀಸೆ ಇದ್ದ ಹಾಗೆ;
ತಿರುವಿದವನೆಲ್ಲ ಜಟ್ಟಿಯಲ್ಲ.
ರಿಸೀವರನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದೆ:
ಒಳಗೆ ತಾಮ್ರ ಇದ್ದರೆ ಮೊಣಕೈ ಹೇಳುತ್ತದೆ.
ಬೆನ್ನು ತಿರುಗಿಸಿ ನೋಡಿದೆ:
ತಂತಿ ಕಚ್ಚುವುದು ಗಟ್ಟಿ ತಿರುಪೋ, ಬಟ್ಟೆಕ್ಲಿಪ್ಪಿನಂಥ ಪ್ಲಾಸ್ಟಿಕ್ಕೋ.
'ಆರು ಓಮ್ ಇದೆ' ಅಂದ ಷಂಸು.
'ಅಯ್ಯ, ನಮ್ಮ ಮನ್ಯಾಗ ಇರೋ ಒಬ್ಬ ಓಮೂನ ಗದ್ಲಾನ ಸಾಕಾಗೇತಿ'
ಅಂದಳು ಮುಕ್ತಾ. ಅವಳ ಹಿಂದೆ ಓಂಕಾರ
ಕೆಂಪಗಾಗಿ ಬೆಲೆಚೀಟಿ ಓದತೊಡಗಿದ.

ಅವಳ ಬೇಡಿಕೆ ಒಂದೇ:
'ಮಂದಿ ಮಾತಾಡಿದ್ದು ತಿಳೀಬೇಕ್ರೀ. ಗುಡುಗು ತಗೊಂಡು ಏನ್ ಮಾಡೋದು?'
ಪ್ರತಿ ಶುಕ್ರವಾರ, ಟಿವಿಯ ಮುಂದೆ, ನಾನು 'ಏನಂದ?'
ಅವಳು ಹೇಳುವಷ್ಟರಲ್ಲಿ ಅವನು ಇನ್ನೂ ಮೂರು ಅಂದಿರುತ್ತಾನೆ.
ಮಾತೆಲ್ಲ ಬರುವುದು ನಡುವಿನ ಪೆಟ್ಟಿಗೆಯಿಂದ.
ಹಾಗಾದರೆ ಹೊಸದು ಅದೊಂದೇ ಇರಲಿ. ಹದಿನೆಂಟು ರಿಯಾಲು.

ನಮ್ಮ ಹಾಲು ಹತ್ತಕ್ಕೆ ಹನ್ನೆರಡು,
ಗೋಡೆಯಾಚೆ ಸುಡಾನಿ ಮೇಷ್ಟರ ಕೈಗೂಸು.
ಕೋಣೆ ಇದ್ದಷ್ಟು ಕಿವಿ ಚಾಚು.

ರಿಸೀವರು ಹೋದ ವರ್ಷದ್ದು, ಶೋಕೇಸಿನಲ್ಲಿ ಕೂತು ಬಳಲಿದ್ದು,
ಡಬ್ಬಿಯಿಲ್ಲ; ಎಂಬತ್ತೈದಕ್ಕೆ ಶುರುವಾಗಿ
ಎರಡು ಸುಲೇಮಾನಿ ಚಹಾದ ನಂತರ ಎಪ್ಪತ್ತಕ್ಕೆ ಇಳಿಯಿತು.
ಉಳಿದ ನಾಲ್ಕು ಅಲ್ ಖುವೈರಿನ ರೋಮೆಲ್‌ನವು.
ಕೆಲಸದ ಕರಾರು ಮುಗಿದು ಮನಿಲಾಕ್ಕೆ ಹೊರಟವನು,
ಅರ್ಧ ಕಟ್ಟಿದ ಪೆಟ್ಟಿಗೆಗಳ ನಡುವೆ ನಿಂತು
ಒಂದರ ಪುಟ್ಟ ಗುಮ್ಮಟದ ಮೇಲಿನ ಗುಳಿ ತೋರಿಸಿದ:
'ನನ್ನ ಮಗಳ ಬೆರಳು. ಒಂದೂವರೆ ವರ್ಷದವಳಿದ್ದಾಗ.'
ಮೂವತ್ತು ಎಣಿಸಿ ಕೊಟ್ಟೆ. ಚೌಕಾಸಿ ಮಾಡಲಿಲ್ಲ.
ಆ ಗುಳಿಯನ್ನು ಅವನು ಒಮ್ಮೆ ಮುಟ್ಟಿ
ಬಾಗಿಲವರೆಗೆ ಬಂದ.

ಉಳಿದ ಎರಡು ರಿಯಾಲು ತಂತಿಗೆ.

ಐದು ಬಂದವು. ಆ ಪಾಯಿಂಟ್ ಒಂದಕ್ಕೆ,
ನೆಲ ನಡುಗಿಸುವ ಆ ದಪ್ಪ ಡಬ್ಬಕ್ಕೆ ದುಡ್ಡಿರಲಿಲ್ಲ.
ಇರಲಿ. ಅದು ಬಲಗಿವಿಯಲ್ಲಿ ಮೊದಲೇ ಇದೆ,
ಹನ್ನೊಂದು ವರ್ಷದ ಕಂತಿನಲ್ಲಿ ಕೊಂಡದ್ದು.

ರಾತ್ರಿ ಅಳತೆ. ನನ್ನ ತಲೆ ಇರಬೇಕಾದ ಎತ್ತರಕ್ಕೆ
ಸ್ಟೂಲಿನ ಮೇಲೆ ದಿಂಬು, ದಿಂಬಿನ ಮೇಲೆ ಪುಟ್ಟ ಮೈಕು.
ಸದ್ದಾಗಬಾರದು. ಜುಲೈ ತಿಂಗಳಲ್ಲಿ ಏಸಿ ಆರಿಸಿ,
ಫ್ರಿಜ್ಜಿನ ಪ್ಲಗ್ಗು ಕಿತ್ತು, ಮೂವರೂ ಗೋಡೆಗೊರಗಿ
ಬೆವರುತ್ತ, ಉಸಿರು ಹಿಡಿದು.
ಒಂದೊಂದೇ ಪೆಟ್ಟಿಗೆ ಹಕ್ಕಿಯ ಹಾಗೆ ಚೀರಿತು.
ಎರಡರ ಸರದಿಯಲ್ಲಿ ಓಂಕಾರ ನನ್ನ ಕಡೆ ನೋಡಿದ.
ಪರದೆಯ ಮೇಲೆ ಅಕ್ಷರ ಮೂಡಿತು:
ಬಲ, ಎರಡು ಮೀಟರ್, ಸರಿಯಿದೆ.

ಆಮೇಲೆ ಸಿನಿಮಾ. ಯಾರೋ ಒಬ್ಬ, ಮಳೆಯ ಸದ್ದಿನೊಳಗೆ,
ತಗ್ಗಿದ ದನಿಯಲ್ಲಿ, ಹೊರಡುವೆನೆಂದ.
ಎಡಗಡೆ ಕೂತ ಮುಕ್ತಾ ರೂಢಿಯಂತೆ
ನನ್ನ ಕಡೆ ಬಾಗಿದಳು.
ಪ್ರತಿ ಅಕ್ಷರವೂ ಕೇಳಿಸಿತ್ತು.

'ಏನಂದ?' ಅಂದೆ.