ನೂರಿಪ್ಪತ್ನಾಲ್ಕು

ಟಿಕೆಟ್ಟಿನ ಜೊತೆ ಕೋಣೆಯ ನಂಬರೂ ಬಂತು ಫೋನಿಗೆ:
ನಾಲ್ಕು ಸಾವಿರದ ನೂರಿಪ್ಪತ್ನಾಲ್ಕು.
ನಾಲ್ಕನೇ ಅಂತಸ್ತು, ಒಳಗಿನದು, ಕಿಟಕಿ ಇಲ್ಲ.
ಕೊಚ್ಚಿಯಿಂದ ಹಡಗು, ಮೂರು ರಾತ್ರಿ,
ಹದಿನೆಂಟು ತಿಂಗಳು ಕಟ್ಟಿದ ಚೀಟಿಯ ದುಡ್ಡು,
ಕೊನೆಗೆ ಸಿಕ್ಕಿದ್ದು ಗೋಡೆ.

"ಆಂಟಿ, ಇನ್ನೊಂದು ಖಾಲಿ ಇದೆ" ಅಂದಳು ಶಾಜಿಯಾ,
ಮೈಸೂರಿನ ಅಶೋಕ ರಸ್ತೆಯ ಮಹಡಿ ಆಫೀಸಿಂದ,
"ಏಳು ಸಾವಿರದ ಎಂಬತ್ತೊಂಬತ್ತು. ದುಂಡು ಗಾಜಿನ ಕಿಟಕಿ,
ಮಲಗಿದಲ್ಲೇ ಸಮುದ್ರ.
ತಲೆಗೆ ಒಂಬತ್ತು ಸಾವಿರ ಜಾಸ್ತಿ.
ಸಂಜೆ ಆರರೊಳಗೆ ಹೇಳ್ಬಿಡಿ."

ಹೂಂ ಅನ್ನುವುದರಲ್ಲಿದ್ದೆ.
ಇವರು ಜಗಲಿಯಿಂದಲೇ ಕೂಗಿದರು:
"ಎಂಬತ್ತೊಂಬತ್ತಾ? ಬ್ಯಾಡ ಕಣೇ.
ಆ ನಂಬರಲ್ಲಿ ನಿದ್ದೆ ಬರಕಿಲ್ಲ."

ಪಾಂಡವಪುರದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.
ಗೇಜು ಜವರಪ್ಪ ಅಂತಲೇ ಇವರ ಹೆಸರು.
ಮೂವತ್ತೊಂದು ವರ್ಷ ಬೆಳಗಿನ ಜಾವ ಕಟ್ಟೆ ಹತ್ತಿ
ನೀರು ಎಷ್ಟಡಿ ಎಂದು ಬರೆದುಕೊಂಡು ಇಳಿದ ಮನುಷ್ಯ.
ನೂರಿಪ್ಪತ್ನಾಲ್ಕು ಮುಟ್ಟಿದ ದಿನ
ಸೈಕಲ್ಲಿನ ಹ್ಯಾಂಡಲಿಗೆ ಖಾರಾಬೂಂದಿ ಪೊಟ್ಟಣ.
ಎಂಬತ್ತೊಂಬತ್ತಕ್ಕೆ ಇಳಿದ ವರ್ಷ
ಹೆದ್ದಾರಿಯಲ್ಲಿ ಟೈರು ಉರಿಯುತ್ತಿದ್ದವು,
ಇವರು ಉಪ್ಪು ಬೇಕೆಂದೂ ಕೇಳದೆ ಉಂಡೆದ್ದರು.
ಕಟ್ಟೆಯ ಮಟ್ಟ ನನಗೆ ಗೊತ್ತಾಗುತ್ತಿದ್ದದ್ದು
ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿನಲ್ಲಿ.

ನನ್ನ ಲೆಕ್ಕ ಬೇರೆ.
ಕ್ವಾರ್ಟರ್ಸಿನ ಅಡಿಗೆಮನೆ ಕಿಟಕಿ ತೆರೆದರೆ
ಕಾಣುತ್ತಿದ್ದದ್ದು ಕಟ್ಟೆಯ ಕಲ್ಲು. ನೀರು ಅದರಾಚೆ.
"ಪುಣ್ಯವಂತೆ, ದಿನಾ ನೋಡ್ತೀಯ" ಅನ್ನುತ್ತಿದ್ದರು ನೆಂಟರು.
ನಾನು ನೋಡಿದ್ದು ಪಾಚಿಯ ಗೆರೆ,
ಸಂದಿಯಲ್ಲಿ ಹುಟ್ಟುವ ಒಂದು ಅರಳಿ ಸಸಿ,
ಅದನ್ನು ಕೀಳಲು ವರ್ಷಕ್ಕೊಮ್ಮೆ ಬರುವ ಆಳು.
ಅಷ್ಟೂ ವರ್ಷ ನೀರಿನ ಬೆನ್ನ ಹಿಂದೆ ನಿಂತು
ಮುದ್ದೆ ತೊಳಸಿದ್ದೇನೆ.
ಇನ್ನು ಸಮುದ್ರಕ್ಕೆ ಹೋಗಿಯೂ ಗೋಡೆ ನೋಡಲಾ?

ಹಾಗಂತಲೇ ಅಂದೆ.
ಪಾಸ್‌ಬುಕ್ಕು ಬಿಚ್ಚಿ ತೋರಿಸಿದೆ: ಎಮ್ಮೆ ಮಾರಿದ್ದು ಇದೆ.
"ನಿನ್ನ ದುಡ್ಡು, ನಿನ್ನಿಷ್ಟ" ಅಂದರು,
ಗಂಡಸರು ಆ ಮಾತು ಆಡುವ ದನಿಯಲ್ಲೇ.

ಮೂರು ಗಂಟೆಗೆ, ಪರೀಕ್ಷೆ ಮಾಡಿಯೇಬಿಡೋಣವೆಂದು
ಮಲಗುವ ಕೋಣೆಯ ಕಿಟಕಿ ಮುಚ್ಚಿ
ಸಂದಿಗೆ ಹಳೇ ಲುಂಗಿ ತುರುಕಿ
ಇಬ್ಬರೂ ಅಂಗಾತ ಮಲಗಿದೆವು, ಹಡಗಿನವರ ಹಾಗೆ.
ನಮ್ಮ ಅನುಕೂಲಕ್ಕೆ ಕರೆಂಟೂ ಹೋಯಿತು.
ಮುಖದ ಮುಂದೆ ಕೈ ತಂದರೆ ಕೈಯೇ ಇಲ್ಲ.
ಮೊದಲು ಪಕ್ಕದ ಮನೆಯ ಟೀವಿ ನಿಂತಿತು.
ಬಸ್ಸುಗಳು ದೂರ ಹೋದವು.
ತುಂಬ ಹೊತ್ತಿನ ಮೇಲೆ
ಹಿತ್ತಲಾಚೆಯ ನಾಲೆ ಕೇಳಿಸಿತು,
ಈ ಮನೆಗೆ ಬಂದು ಹತ್ತು ವರ್ಷ, ಇವತ್ತು.

"ಎರಡಡಿ ಬಿಟ್ಟವ್ರೆ" ಅಂದಿತು ಕತ್ತಲೆ.
"ನೋಡದೆ ಹೆಂಗೆ ಗೊತ್ತು?"
"ನೋಡಿ ಬರೀತಿದ್ದದ್ದು ಆಫೀಸಿಗೆ."

ಎಚ್ಚರವಾದಾಗ ಆರಕ್ಕೆ ಹತ್ತು ನಿಮಿಷ.
ಮೈಯೆಲ್ಲ ಬೆವರು. ಲುಂಗಿ ಕಿತ್ತೆಸೆದು ಫೋನು ಮಾಡಿದೆ.
"ಯಾವುದು ಆಂಟಿ, ಅದೇನಾ, ಬದಲಾಯಿಸ್ಲಾ?"
"ಇರವ್ವ, ಒಂದು ಕೇಳ್ತೀನಿ.
ಆ ಒಳಗಿನ ಕೋಣೆಗೆ ಸಮುದ್ರ ಯಾವ ಗೋಡೆಯ ಆಚೆ?
ಆ ಕಡೆ ನಾನು ಮಲಗಬೇಕು."
"ಯಾವ ಗೋಡೆಗೂ ಇಲ್ಲ ಆಂಟಿ.
ಎರಡೂ ಪಕ್ಕ ಬೇರೆಯವರ ಕೋಣೆ,
ಮುಂದೆ ಓಡಾಡೋ ದಾರಿ, ಹಿಂದೆ ಲಿಫ್ಟು."
"ಕೆಳಗೆ?"
"ಕೆಳಗೆ ಮೂರು ಅಂತಸ್ತು. ಅದರ ಕೆಳಗೆ...
ಇದ್ದೇ ಇದೆಯಲ್ಲ ಆಂಟಿ, ಸಮುದ್ರ."

ಇವರು ಯಾವಾಗಲೋ ಹಿಂದೆ ಬಂದು ನಿಂತಿದ್ದರು,
ಒಂದು ಕೈಲಿ ಹಾಲಿನ ಚೀಟಿ, ಇನ್ನೊಂದರಲ್ಲಿ ಪೆನ್ನು.
"ಎಷ್ಟು ಅಡಿ ಅಂತ ಕೇಳು."

ಕೇಳಿದೆ.
ಆ ಕಡೆಯಿಂದ ಫ್ಯಾನು ತಿರುಗುವ ಸದ್ದು ಮಾತ್ರ.
"ಗೊತ್ತಿಲ್ಲ ಆಂಟಿ, ಇದುವರೆಗೂ ಯಾರೂ ಕೇಳಿರಲಿಲ್ಲ.
ವಿಚಾರಿಸಿ ಹೇಳ್ತೀನಿ."

ಅವಳು ವಿಚಾರಿಸುವಷ್ಟರಲ್ಲಿ
ಆರು ದಾಟಿತ್ತು.