ಗೊತ್ತಿಲ್ಲ ಎಂಬ ಮೂಲೆ

ರಾತ್ರಿ ಎರಡೂಕಾಲು. ಹಾಪ್ಸಲು.
ಕಡಲಾಚೆಯ ಹಿಯುಮಾ ದ್ವೀಪದಿಂದ
ಹೊಸದೊಂದು ಸರ್ವರ್ ಬಾಗಿಲು ತಟ್ಟಿ
'ನಾನು' ಅನ್ನುತ್ತದೆ.
ಯಾವ ನಾನು?
ಕೈಯಲ್ಲೊಂದು ಓಲೆ: ನಮ್ಮವನೇ, ಒಳಗೆ ಬಿಡಿ. ಸಹಿ, ತಾರ್ತು.
ತಾರ್ತುವನ್ನು ಬಲ್ಲೆ. ತಾರ್ತು ಬಲ್ಲವರನ್ನೆಲ್ಲ
ನಾನೂ ಬಲ್ಲೆನೆ?

ಲೀವಿಕಾ ಮನೆಗೆ ಹೋಗುವ ಮುಂಚೆ
ಬೋರ್ಡಿನ ಮೇಲೆ ತ್ರಿಕೋನ ಬರೆದಿಟ್ಟಿದ್ದಾಳೆ.
ಎಡಪಾದದಲ್ಲಿ ನಂಬುತ್ತೇನೆ,
ಬಲಪಾದದಲ್ಲಿ ನಂಬುವುದಿಲ್ಲ,
ನೆತ್ತಿಯಲ್ಲಿ ಗೊತ್ತಿಲ್ಲ.
ಗುರುತಿಲ್ಲದವರೆಲ್ಲ ಆ ನೆತ್ತಿಯಲ್ಲೇ ಹುಟ್ಟಿ
ಒಂದೊಂದೇ ಕೆಲಸ ಮಾಡಿ ತೋರಿಸುತ್ತ
ಆಚೆಗೋ ಈಚೆಗೋ ಜಾರಬೇಕು.
ಹೇಳಿಕೆಯ ಮಾತಿಗೆ ಸವಕಳಿಯೂ ಉಂಟು:
ನೂರಕ್ಕೆ ತೊಂಬತ್ತು ನಾನು ನಂಬುವವನು
ನೂರಕ್ಕೆ ತೊಂಬತ್ತು ನಂಬುವವನು
ನನ್ನ ಹೊಸಿಲಿಗೆ ಬರುವಾಗ
ಎಂಬತ್ತೊಂದೇ.

ಅವಳ ತಾತ ಏಂಡೆಲ್ ಬಳಿ ಒಂದು ಬೈರಿಗೆ ಇತ್ತು.
ಕಡಲು ಕಲ್ಲಾಗುವ ಚಳಿಗಾಲ
ದಿನಾ ನಸುಕಿಗೆ ನೀರಿನ ಮೇಲೆ ನಡೆದುಹೋಗಿ
ತೂತು ಕೊರೆದು, ಕೋಲು ಇಳಿಸಿ ಅಳೆಯುತ್ತಿದ್ದ.
ಗೇಣು ದಪ್ಪವಿದ್ದರೆ ಕಾರು ಬಿಡು.
ಗೇಣಿಗೆ ಬೆರಳು ಕಮ್ಮಿಯಾದರೆ ಸರಪಳಿ ಎಳೆ.
ನಿನ್ನೆಯ ಗೇಣು ನಿನ್ನೆಗೇ ಸರಿ.
ಆ ದಾರಿಗೆ ಇನ್ನೊಂದು ನಿಯಮ:
ಸೀಟ್‌ಬೆಲ್ಟ್ ಕಟ್ಟಕೂಡದು.
ನಂಬು, ಮುಳುಗಿದರೆ ಎದ್ದು ಬರುವ ಹಾಗೆ ನಂಬು.

ಅವನ ಪುಸ್ತಕ ಲೀವಿಕಾಳ ಮೇಜಿನಲ್ಲಿದೆ.
ಪುಟದ ತುಂಬ ಅಂಕಿ.
ಫೆಬ್ರವರಿ ಹದಿನೇಳರ ಎದುರು ಮಾತ್ರ ಒಂದು ಪದ:
ನೋಡಿಲ್ಲ.
ಜ್ವರವಂತೆ. ಹದಿನಾರರದ್ದನ್ನೇ ಇಳಿಸಿ ಬರೆದಿದ್ದರೆ
ಯಾರಪ್ಪ ಕೇಳುತ್ತಿದ್ದ?
ಹಾಲಿನ ಲಾರಿ ಇಡೀ ದಿನ ದಡದಲ್ಲೇ ನಿಂತಿತು,
ಚಾಲಕ ಬೈದದ್ದು ಊರಿಗೆಲ್ಲ ಕೇಳಿತು.
ಆ ಒಂದು ಪದದಿಂದ
ಉಳಿದೆಲ್ಲ ಅಂಕಿಗೆ ಬೆಲೆ ಬಂತು ಅನ್ನುತ್ತಾಳೆ ಲೀವಿಕಾ.
ಇರಬಹುದು. ಅವಳಿಗೆ ತಾತ ಅವನು.

ಪರದೆ ಮತ್ತೆ ಮಿನುಗುತ್ತದೆ.
ಹಿಯುಮಾದಲ್ಲಿ ಒಬ್ಬಾಕೆಗೆ ಎಚ್ಚರವಿಲ್ಲ,
ಅವಳ ಹಳೆಯ ಕಡತ ನಮ್ಮಲ್ಲಿದೆ
ಎಂದು ಆ 'ನಾನು' ಹೇಳುತ್ತದೆ.
ತಾರ್ತುವಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ.

ಬಾಗಿಲಲ್ಲ, ಕಿಟಕಿ ತೆರೆದೆ:
ರಕ್ತದ ಗುಂಪು, ಒಗ್ಗದ ಔಷಧಿ.
ಓದಬಹುದು, ಬರೆಯುವಂತಿಲ್ಲ. ಹತ್ತು ನಿಮಿಷ.
ಕಾರಣ ತುಂಬಬೇಕಾದ ಜಾಗದಲ್ಲಿ
ಬೆರಳು ತುಸು ತಡೆದು
ಏಂಡೆಲ್‌ನ ಪದವನ್ನೇ ಒತ್ತಿತು.

ಆಮೇಲೆ ಕುರ್ಚಿಯಲ್ಲಿ
ಸೊಂಟದ ಬಳಿ ತಡಕಿ
ಇಲ್ಲದ ಬೆಲ್ಟೊಂದನ್ನು
ಬಿಚ್ಚಿಕೊಂಡು ಕೂತೆ.