ತೊಟ್ಟಿಯ ಮಕ್ಕಳು

ಕೂತುಕೋ. ಬೆಕ್ಕನ್ನು ಕೆಳಗಿಳಿಸು, ಅದೇನೂ ಅನ್ನುವುದಿಲ್ಲ.
ಎಲ್ಲಿ, ತೋರಿಸು. ಅಯ್ಯೋ, ಇದನ್ನೇನು
ಹೀಗೆ ಗಾಜಿನಂಥ ಪೆಟ್ಟಿಗೆಯಲ್ಲಿಟ್ಟು ಬೆಸೆದುಬಿಟ್ಟಿದ್ದೀರಿ?
ಹತ್ತು ಸೆಂಟಿನ ಪುಸ್ತಕ ಕಣಪ್ಪ,
ಹುಡುಗರು ಚಡ್ಡಿಯ ಹಿಂದೆ ಸಿಕ್ಕಿಸಿಕೊಂಡು ಓಡುತ್ತಿದ್ದದ್ದು.

ಹೌದು, ಇವರೇ. ಐದೂ ಜನ.
ಡಾಕ್ಟರ್ ಹಾಬ್ನೆಕನ ತೊಟ್ಟಿಯಿಂದ ಎದ್ದುಬಂದವರು.
ಮೇಣದವನು. ಮುಳುಗಿ ಸತ್ತ ನಾಲ್ವರು ನಾವಿಕರು ಸೇರಿ ಒಬ್ಬನಾದವನು.
ಎದೆಯೊಳಗೆ ಗೋಡೆಗಡಿಯಾರ ಬಡಿಯುವವನು.
ಬಾಯಿ ಇಡುವುದನ್ನೇ ಡಾಕ್ಟರು ಮರೆತ ದಪ್ಪ ಹೆಂಗಸು.
ಅವಳ ಸೆರಗಿನಂಚಿಗೆ, ಅರ್ಧ ಮರೆಯಲ್ಲಿ, ಆ ಹುಡುಗಿ.

ಚಿತ್ರ ಬರೆದವನು ನ್ಯೂಯಾರ್ಕಿನಲ್ಲಿದ್ದ, ನಾನು ಕಂಡವಳಲ್ಲ.
ಕಥೆ ಹೊಸೆದವನು ಇನ್ನೆಲ್ಲೋ.
ಬ್ರಿಜ್‌ಪೋರ್ಟಿಗೆ ಬರುತ್ತಿದ್ದದ್ದು ಬಿಡಿ ಪುಟಗಳು,
ಅಂಚಿನಲ್ಲಿ ಪೆನ್ಸಿಲಿನ ಗುರುತು: ಹಳದಿ ತುಂಬ, ನೀಲಿ ಅರ್ಧ.
ಅಂದರೆ ಹೆಣದ ಹಸಿರು.
ಇಪ್ಪತ್ತೆರಡು ಹೆಂಗಸರು, ಉದ್ದನೆ ಮೇಜು, ಉತ್ತರದ ಕಿಟಕಿ,
ಒಂದೊಂದು ಬಣ್ಣಕ್ಕೆ ಒಂದೊಂದು ಹಾಳೆ,
ಎಲ್ಲದರ ಮೇಲೂ ಅದೇ ಕಂದುಗೆಂಪು ಮಸಿ.
ಹಸಿರನ್ನು ಕಣ್ಣಾರೆ ಬಳಿದದ್ದೇ ಇಲ್ಲ ನಾನು. ಲೆಕ್ಕದಲ್ಲಿ ಬಳಿದೆ,
ಉಪವಾಸದ ದಿನ ಅಡಿಗೆಯವಳು
ರುಚಿ ನೋಡದೆ ಉಪ್ಪು ಹಾಕುವ ಹಾಗೆ.

ಮಿಕ್ಲೋಶ್ ಹಿತ್ತಾಳೆ ಕಾರ್ಖಾನೆಯಲ್ಲಿದ್ದ. ಐವತ್ತೆರಡರ ಫೆಬ್ರವರಿ,
ಯಂತ್ರದ ಬಾಯಿಗೆ ಕೈ ಸಿಕ್ಕಿತು.
ಜೋತಾಡುತ್ತಿದ್ದ ಎರಡು ಬೆರಳು ಹೊಲಿದು ಕಳಿಸಿದರು,
ಮೂರನೆಯದು ಸಿಗಲೇ ಇಲ್ಲ.
ರಾತ್ರಿ ಪಟ್ಟಿ ಬಿಚ್ಚಿ ನಾನೇ ತೊಳೆಯುತ್ತಿದ್ದೆ.
ಹೊಲಿಗೆಯ ಗಾಯ ಕಪ್ಪಗಿರುವುದಿಲ್ಲ ಇವರು ಬರೆದ ಹಾಗೆ.
ಮೊದಲು ನೇರಳೆ, ಆಮೇಲೆ ಹಸಿ ಹಂದಿಮಾಂಸದ ತಿಳಿಗೆಂಪು,
ಬಹಳ ಕಾಲದ ಮೇಲೆ ಒಂಥರಾ ಮುತ್ತಿನ ಹೊಳಪು.
ಅದಕ್ಕೇ ನೋಡು, ನಾವಿಕನ ಮಣಿಕಟ್ಟು. ಕಂಡಿತಾ?
ಕೆಂಪು ಅರ್ಧ, ನೀಲಿ ಕಾಲು.
ಅಂಚಿನಲ್ಲಿ ಯಾರೂ ಹಾಗೆ ಬರೆದಿರಲಿಲ್ಲ.
ಯಜಮಾನ ಕೇಳಲಿಲ್ಲ. ಗಡುವಿತ್ತು.

ಹುಡುಗಿಯ ಮಾತು ಬೇರೆ.
ಅವಳಿಗೂ ಹೆಣದ ಹಸಿರೇ ಹೇಳಿತ್ತು.
ಏಳು ವರ್ಷದವಳಿರಬಹುದು, ಕೈಯಲ್ಲಿ ಡಾಕ್ಟರನ ಒಡೆದ ಕನ್ನಡಕ.
ಕುಂಚ ಎತ್ತಿದವಳು ಹಾಗೇ ಕೂತೆ, ಹಾಗೇ.
ಕೊನೆಗೆ ಹಳದಿ ಕಾಲು, ಕೆಂಪು ಕಾಲು ಇಟ್ಟೆ:
ನನ್ನ ಫೆರಿಯ ಕೆನ್ನೆ.
ಎರಡು ಲಕ್ಷ ಪ್ರತಿ ಹಾಗೇ ಅಚ್ಚಾಗಿ ಹೋಯಿತು.

ಮರುವರ್ಷ ಚರ್ಚಿನ ಹಿತ್ತಲಲ್ಲಿ ರಾಶಿ ಹಾಕಿ ಸುಟ್ಟರು.
ಮಕ್ಕಳು ಕೆಡುತ್ತಾರಂತೆ.
ಫೆರಿಯೇ ಕೈಗಾಡಿಯಲ್ಲಿ ಹೇರಿಕೊಂಡು ಹೋದ,
ಒಂದು ಗಾಡಿಗೆ ಒಂದು ಐಸ್‌ಕ್ರೀಮ್.
ಕೆಲಸ ಮುಗಿಸಿ ಬರುತ್ತ ನಿಂತು ನೋಡಿದೆ, ಉಗುರಲ್ಲಿ ಇನ್ನೂ ಮಸಿ.
ಫಾದರ್ ಹತ್ತಿರ ಏನೋ ಹೇಳಬೇಕೆನಿಸಿತು. ಏನಂತ?
ಸೂಪಿಗೆ ಹೊತ್ತಾಗಿತ್ತು.
ಬೇಸಗೆಗೆ ನಾವು ಒಂಬತ್ತೇ ಮಂದಿ ಉಳಿದೆವು.
ಆಮೇಲೆ ಬರೀ ಬಾತುಕೋಳಿ, ಮೊಲ. ತಕರಾರಿಲ್ಲದ ಬಣ್ಣ.

ನನ್ನ ಹೆಸರು ಎಲ್ಲೂ ಇಲ್ಲ, ಹುಡುಕಬೇಡ.
ಪೆಟ್ಟಿಗೆಯ ಮೇಲೆಯೇ ಸಹಿ ಹಾಕು ಅಂತೀಯ. ಆಗಲಿ,
ಎತೆಲ್ಕಾ ಅಂತ ಬರೆಯುತ್ತೇನೆ, ಕೈ ನಡುಗುತ್ತದೆ, ತಾಳು.

ಆದರೆ ನನಗೆ ಬಂದದ್ದು ಮುಖಪುಟ, ಮೂರು, ಮತ್ತೆ ಏಳು.
ಎಂಟನೆಯದು ಎದುರು ಮೇಜಿನ ಬೆರ್ನಾಡೆಟ್‌ಗೆ ಹೋಯಿತು.
ಏಳರ ಕೊನೆಯ ಚೌಕದಲ್ಲಿ ಪ್ರಯೋಗಶಾಲೆಗೆ ಬೆಂಕಿ,
ಊರಿಗೆ ಊರೇ ಬಾಗಿಲಲ್ಲಿ,
ಬಾಯಿಲ್ಲದವಳು ಹುಡುಗಿಯನ್ನು
ಕಿಟಕಿಯತ್ತ ಎತ್ತಿ ಹಿಡಿದಿದ್ದಾಳೆ.
ಅಷ್ಟೆ.
ಊಟದ ಬಿಡುವಿನಲ್ಲಿ ಬೆರ್ನಾಡೆಟ್‌ಳನ್ನು ಕೇಳಬೇಕೆಂದಿದ್ದೆ.
ಅರವತ್ತೆರಡು ವರ್ಷವಾಯಿತು.

ನೀನು ಓದಿದ್ದೀಯಾ?
ಇಲ್ಲವೇ? ಇಷ್ಟು ದುಡ್ಡು ಕೊಟ್ಟು?
ಒಡೆದರೆ ಬೆಲೆ ಬೀಳುತ್ತದೆಯೇ?
ಅಂತೂ ಮತ್ತೆ ತೊಟ್ಟಿಯೊಳಗೇ ಹಾಕಿ ಮುಚ್ಚಿದಿರಿ ಅನ್ನು.

ಕತ್ತರಿ ಅಡಿಗೆಮನೆಯಲ್ಲಿದೆ, ಎಡಗಡೆಯ ಖಾನೆ,
ಕೋಳಿ ಕೊಯ್ಯುವ ದೊಡ್ಡದು.
ಏಳು, ತೆಗೆದುಕೊಂಡು ಬಾ.